ಸೋದರಿ ಊರಿನ ಖಾಲಿ ಬಟ್ಟಲುಗಳು

ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಜಪಾನಿನ ಇಶಿಕಾವಾ ಸೀಮೆಯಲ್ಲಿ, ನೋಮಿಯಿಂದ ಅರ್ಧ ಗಂಟೆ ದೂರದಲ್ಲಿರುವ ಒಂದು ಸಣ್ಣ ಪಟ್ಟಣ ಎಂದಷ್ಟೇ ಹೇಳಬಲ್ಲೆ. ಇನ್ನೂ ಹೆಚ್ಚು ಹೇಳಿದರೆ ನಾನು ಇಳಿದುಕೊಂಡಿದ್ದ ಮನೆ ಯಾವುದೆಂದು ಯಾರಾದರೂ ಪತ್ತೆ ಹಚ್ಚಿಯಾರು. ಆ ಮನೆಯ ಯಜಮಾನತಿಗೆ ನನ್ನಿಂದ ಆದದ್ದೇ ಸಾಕು.

ಅದು ಚಿನ್ನದ ರೇಕು ಬಡಿಯುವ ಊರು. ನಮ್ಮದು ಮೈಸೂರಿನ ಪಕ್ಕದ ಪಟ್ಟಣ. ಮೈಸೂರು ಶೈಲಿಯ ಚಿತ್ರಗಳಿಗೆ ಚಿನ್ನದ ರೇಕು ಅಂಟಿಸುವವರು ಒಂದಿಷ್ಟು ಜನ ನಮ್ಮಲ್ಲಿದ್ದೇವೆ. ದೊಡ್ಡವರಿಗೆ ಇಷ್ಟು ನೆಪ ಸಾಕಾಯಿತು. ಎರಡೂ ಊರುಗಳು ಇನ್ನು ಮೇಲೆ ಅಕ್ಕತಂಗಿಯರೆಂದು ಕಾಗದಕ್ಕೆ ಸಹಿ ಹಾಕಿ ಹಾರ ಬದಲಾಯಿಸಿಕೊಂಡರು. ಜಪಾನಿನ ಆ ಊರಿಗೆ ಐರ್ಲೆಂಡಿನಲ್ಲಿ ಮೊದಲೇ ಒಬ್ಬ ಸೋದರಿ ಇದ್ದಾಳೆ, ನಾವು ಎರಡನೆಯವರು. ನಮ್ಮ ಕಡೆಯಿಂದ ಹೋದವರು ಆರು ಜನ: ಐವರು ಗಂಡಸರು ಮತ್ತು ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾದ ನಾನು. ಅಲ್ಲಿ ಹೋಟೆಲಿನ ವ್ಯವಸ್ಥೆ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಮನೆ ಎಂದು ಮೊದಲೇ ತಿಳಿಸಿದ್ದರು.

ಗ್ಯೋಟೋಕು

ಟೋಕಿಯೋದಲ್ಲಿ ಇಳಿದ ಮೇಲೆ ಗಂಡಸರು ಹೋಟೆಲಿಗೆ ಹೋದರು. ನಾನು ಎರಡು ದಿನದ ಮಟ್ಟಿಗೆ ಪಕ್ಕದಲ್ಲೇ, ನಮ್ಮ ದೇಶದವರು ತುಂಬಿರುವ ಗ್ಯೋಟೋಕುವಿನ ರಶ್ಮಿಯ ಮನೆ ಸೇರಿಕೊಂಡೆ. ರಶ್ಮಿ ನನ್ನ ಗೆಳತಿಯ ಮಗಳು. ಕಂಪನಿ ಎರಡು ವರ್ಷಕ್ಕೆಂದು ಕಳಿಸಿತ್ತು, ಹನ್ನೊಂದು ವರ್ಷವಾಗಿದೆ. ಅವರ ಕಟ್ಟಡದ ಲಿಫ್ಟಿನಲ್ಲಿ ಇಂಗಿನ ಒಗ್ಗರಣೆಯ ವಾಸನೆ ಬಂದಾಗ ನಾನು ವಿಮಾನ ಹತ್ತಿದ್ದೇ ಸುಳ್ಳಿರಬೇಕು ಅನ್ನಿಸಿತು.

ನನ್ನ ಸೂಟ್‌ಕೇಸಿನ ಅರ್ಧ ಭಾಗ ತಿಂಡಿಯೇ. ಬಿಸಿನೀರು ಹಾಕಿದರೆ ಸಾಕು ಎನ್ನುವ ಗೊಜ್ಜವಲಕ್ಕಿ ಪೊಟ್ಟಣಗಳು, ಚಟ್ನಿಪುಡಿ, ಕೋಡುಬಳೆ. ರಶ್ಮಿ ಅದನ್ನು ನೋಡಿ ನಕ್ಕಳು.

"ಒಳ್ಳೇದೇ ಮಾಡಿದ್ರಿ ಆಂಟಿ. ಒಂದ್ ವಿಷ್ಯ ಕ್ಲಿಯರ್ ಆಗಿ ಹೇಳ್ಬಿಡ್ತೀನಿ. ಇಲ್ಲಿ ವೆಜ್ ಅಂದ್ರೆ ಕಣ್ಣಿಗೆ ಪೀಸ್ ಕಾಣ್ಸಲ್ಲ ಅಂತ ಅಷ್ಟೇ ಅರ್ಥ. ಸೂಪಲ್ಲಿ, ಪಲ್ಯದಲ್ಲಿ, ಎಲ್ಲದ್ರಲ್ಲೂ ಮೀನಿನ ಸ್ಟಾಕ್ ಇರತ್ತೆ. ಕೇಳಿದ್ರೆ ಪಾಪ ಮೀನಿಲ್ಲ ಅಂತಾನೇ ಹೇಳ್ತಾರೆ. ಡೌಟ್ ಬಂದ್ರೆ ನಂಗೆ ಕಾಲ್ ಮಾಡಿ, ನಾನ್ ಮಾತಾಡ್ತೀನಿ."

ಅವಳ ಮಗಳು ಅದಿತಿಗೆ ಒಂಬತ್ತು ವರ್ಷ. ನಾವಾಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಬರುತ್ತದೆ. "ಅಜ್ಜಿ, ಜಸ್ಟ್ ಸೇ ಓಯಿಶಿ," ಎಂದಳು. ಓಯಿಶಿ ಎಂದರೆ ರುಚಿಯಾಗಿದೆ ಎಂದರ್ಥ. ಕಣ್ಣು ಅರೆಮುಚ್ಚಿ, ಕೊನೆಯನ್ನು ಎಳೆದು ಹೇಳಬೇಕಂತೆ. ನಾಲ್ಕು ಸಲ ಹೇಳಿಸಿ ಪಾಸು ಮಾಡಿದಳು. ಫೋನ್ ಮಾಡು ಎಂದ ಅಮ್ಮನ ಮಾತನ್ನು ಬಿಟ್ಟು, ಮಗಳು ಕಲಿಸಿದ ಒಂದು ಪದವನ್ನು ಮಾತ್ರ ಕಟ್ಟಿಕೊಂಡು ಹೊರಟೆ.

ಸೋಮವಾರ, ಮೊದಲ ಊಟ

ಬಸ್ ನಿಲ್ದಾಣದಲ್ಲಿ ನಮಗಾಗಿ ಕಾಯುತ್ತಿದ್ದ ಆರು ಕುಟುಂಬಗಳಲ್ಲಿ ಐದು ಕುಟುಂಬಗಳ ಕೈಯಲ್ಲಿ ಇಂಗ್ಲಿಷ್ ಬೋರ್ಡುಗಳಿದ್ದವು. ಆರನೆಯ ಬೋರ್ಡಿನಲ್ಲಿ 'ಸುಮಿತ್ರಾ' ಎಂದು ನನ್ನ ಹೆಸರು ಕನ್ನಡದಲ್ಲಿತ್ತು. ಬರೆದದ್ದಲ್ಲ, ಚಿತ್ರ ಬಿಡಿಸಿದ ಹಾಗೆ ಬಿಡಿಸಿದ್ದು. ಅದನ್ನು ಎದೆಗೆ ಒತ್ತಿಕೊಂಡು ನಿಂತಿದ್ದವರು ಕಿಯೋಕೊ ಸಾನ್; ಹೆಸರಿನ ಮುಂದೆ ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಎಪ್ಪತ್ತು ವರ್ಷವಿರಬೇಕು, ನನ್ನ ಭುಜದವರೆಗೆ ಬರುತ್ತಾರೆ. ಪಕ್ಕದಲ್ಲಿ ಅವರ ಗಂಡ ತೆತ್ಸುವೊ ಸಾನ್, ನಿವೃತ್ತ ಬಸ್ ಡ್ರೈವರ್. ಡ್ರೈವರ್ ಆಗಿದ್ದಾಗಿನ ಅಭ್ಯಾಸವನ್ನು ಅವರು ಇನ್ನೂ ಬಿಟ್ಟಿಲ್ಲ. ಮನೆಯಿಂದ ಹೊರಡುವ ಮುಂಚೆ ಗ್ಯಾಸ್ ಒಲೆ, ನಲ್ಲಿ, ಬಾಗಿಲಿನ ಚಿಲಕ ಒಂದೊಂದಕ್ಕೂ ತೋರುಬೆರಳು ಚಾಚಿ ಗಟ್ಟಿಯಾಗಿ "ಸರಿ" ಎಂದು ಹೇಳುತ್ತಾರೆ. ನಮ್ಮ ಮನೆಯಲ್ಲಿ ಗೇಟಿಗೆ ಬೀಗ ಹಾಕಿದೆವೋ ಇಲ್ಲವೋ ಎಂದು ಅರ್ಧ ದಾರಿಯಿಂದ ಆಟೋ ತಿರುಗಿಸಿದ ನೆನಪಾಗಿ ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟಿತು.

ರಾತ್ರಿ ಊಟಕ್ಕೆ ನನ್ನ ಮುಂದೆ ಎಂಟು ಬಟ್ಟಲುಗಳು. ಅನ್ನ, ಉಪ್ಪಿನಕಾಯಿ, ತೋಫು, ಮೂಲಂಗಿ, ಬೇಯಿಸಿದ ಸಿಹಿಗುಂಬಳ. ಹೋಳುಗಳ ಅಂಚುಗಳನ್ನೆಲ್ಲ ಸವರಿ ನುಣುಪು ಮಾಡಿ, ಹಸಿರು ಸಿಪ್ಪೆಯನ್ನು ಎಲೆಯ ಆಕಾರದಲ್ಲಿ ಉಳಿಸಿದ್ದರು. ಡ್ರಾಯಿಂಗ್ ಮೇಡಂ ಆದ ನಾನು ಅದಕ್ಕೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ಆಮೇಲೆ ಸಾರಿನ ಬಟ್ಟಲಿನ ಮುಚ್ಚಳ ತೆಗೆದೆ. ಮಂಗಳೂರಿನ ಬಂದರಿನ ಹತ್ತಿರ ಬಸ್ಸಿನ ಕಿಟಕಿ ತೆರೆದ ಹಾಗೆ ಸಮುದ್ರದ ವಾಸನೆ ಮುಖಕ್ಕೆ ಹೊಡೆಯಿತು.

ನನ್ನ ಮುಖ ನೋಡಿ ತೆತ್ಸುವೊ ಸಾನ್ ಫೋನಿನಲ್ಲಿ ಏನೋ ಹೇಳಿ, ಕನ್ನಡದಲ್ಲಿ ಮೂಡಿದ ಸಾಲನ್ನು ನನಗೆ ತೋರಿಸಿದರು. "ಇದರಲ್ಲಿ ಮೀನು ಇಲ್ಲ. ದಯವಿಟ್ಟು ನಿಶ್ಚಿಂತೆಯಿಂದ ಊಟ ಮಾಡಿ."

ಕೇಳಿದರೆ ಮೀನಿಲ್ಲ ಅಂತಾನೇ ಹೇಳ್ತಾರೆ ಎಂದು ರಶ್ಮಿ ಹೇಳಿರಲಿಲ್ಲವೇ? ನಾನು ಅನ್ನ ಮತ್ತು ಉಪ್ಪಿನಕಾಯಿಯನ್ನು ಮಾತ್ರ ತಿಂದೆ. ಪ್ರಯಾಣದ ಸುಸ್ತು ಎಂದೆ. ಮರುದಿನದಿಂದ ಏನು ಮಾಡುವುದೆಂದು ಯೋಚಿಸಿ, ಅದೇ ಫೋನಿಗೆ ಒಂದು ಮಾತು ಹೇಳಿದೆ: ನಮ್ಮಲ್ಲಿ ರಾತ್ರಿ ದೇವರಿಗೆ ನೈವೇದ್ಯ ಮಾಡಿ, ಕೋಣೆಯಲ್ಲಿ ಒಬ್ಬರೇ ಕುಳಿತು ಊಟ ಮಾಡುವ ಸಂಪ್ರದಾಯವಿದೆ. ಅಂಥ ಸಂಪ್ರದಾಯ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ಕಿಯೋಕೊ ಸಾನ್ ಎರಡೂ ಕೈ ಜೋಡಿಸಿ ತಲೆಬಾಗಿದರು. ದೇವರ ವಿಷಯ ನೋಡಿ.

ಮಂಗಳ, ಬುಧ, ಗುರು

ಪ್ರತಿದಿನ ಸಂಜೆ ಆರೂವರೆಗೆ ಮೆಟ್ಟಿಲಿನ ಮೇಲೆ ಮೆತ್ತನೆಯ ಹೆಜ್ಜೆ ಸದ್ದು. ಕಿಯೋಕೊ ಸಾನ್ ಮಂಡಿಯೂರಿ ಬಾಗಿಲು ಸರಿಸಿ, ತಟ್ಟೆಯನ್ನು ಒಳಗಿಟ್ಟು, ನನ್ನ ದೇವರಿಗೂ ಸೇರಿಸಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಚಹಾಕ್ಕೆಂದು ಇಟ್ಟ ಫ್ಲಾಸ್ಕಿನ ಬಿಸಿನೀರಿನಲ್ಲಿ ನಾನು ಗೊಜ್ಜವಲಕ್ಕಿ ನೆನೆಸಿಕೊಂಡು ತಿನ್ನುತ್ತಿದ್ದೆ. ತಟ್ಟೆಯಲ್ಲಿದ್ದದ್ದನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಸುರಿಯುತ್ತಿದ್ದೆ. ಸಾರನ್ನು ವಾಷ್‌ಬೇಸಿನ್ನಿಗೆ. ಆಮೇಲೆ ಖಾಲಿ ಬಟ್ಟಲುಗಳನ್ನು ಕೆಳಗೆ ತೆಗೆದುಕೊಂಡು ಹೋಗಿ, ಕಣ್ಣು ಅರೆಮುಚ್ಚಿ, ಕೊನೆಯನ್ನು ಎಳೆದು, ಓಯಿಶಿ ಎನ್ನುತ್ತಿದ್ದೆ.

ಕಿಯೋಕೊ ಸಾನ್ ಬಟ್ಟಲುಗಳ ತಳವನ್ನು ಗಂಡನಿಗೆ ತೋರಿಸಿ ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ಮಂಗಳವಾರ ನಾಲ್ಕು ಹೋಳಿದ್ದ ಸಿಹಿಗುಂಬಳ ಬುಧವಾರ ಏಳಾಯಿತು, ಗುರುವಾರ ಹತ್ತಾಯಿತು. ಕವರು ಉಬ್ಬತೊಡಗಿತು. ಅಕ್ಟೋಬರಿನ ಚಳಿ ಇದ್ದದ್ದರಿಂದ ವಾಸನೆ ಬರಲಿಲ್ಲ ಎನ್ನುವುದು ಆಗ ನನಗಿದ್ದ ಒಂದೇ ಸಮಾಧಾನ.

ಎಲೆಯಲ್ಲಿ ಅನ್ನ ಬಿಟ್ಟು ಏಳುವವರನ್ನು ಕಂಡರೆ ನನಗೆ ಉರಿಯುತ್ತದೆ. ನಮ್ಮ ಮನೆಗೆ ಬಂದು ಹಾಗೆ ಮಾಡಿದ ನಾದಿನಿಯೊಡನೆ ಎರಡು ವರ್ಷ ಮಾತು ಬಿಟ್ಟವಳು ನಾನು. ಅಂಥವಳು ಕೋಣೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕವರಿಗೆ ಗಂಟು ಹಾಕುತ್ತಿದ್ದೆ.

ಶುಕ್ರವಾರ, ಕಸದ ಕಟ್ಟೆ

ಶುಕ್ರವಾರ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಕವರನ್ನು ಶಾಲಿನೊಳಗೆ ಮುಚ್ಚಿಕೊಂಡು ಹೊರಟೆ. ಬೀದಿಯ ತಿರುವಿನಲ್ಲಿ ಬಲೆ ಹೊದಿಸಿದ ಒಂದು ಕಟ್ಟೆ ಇದೆ, ಆ ಓಣಿಯ ಹತ್ತು ಮನೆಯವರು ಅಲ್ಲಿ ಕಸ ಇಡುತ್ತಾರೆ. ಬಲೆ ಎತ್ತಿ, ಕವರನ್ನು ಒಳಗೆ ತಳ್ಳಿ, ಹಿಂದೆ ನೋಡದೆ ಬಂದುಬಿಟ್ಟೆ. ಅಡುಗೆಮನೆಯ ಗೋಡೆಯ ಮೇಲೆ ಯಾವ ದಿನ ಯಾವ ಕಸ ಎಂದು ಚಿತ್ರ ಸಮೇತ ಒಂದು ಪಟ್ಟಿ ನೇತಾಡುತ್ತಿತ್ತು. ದಿನವೂ ನೋಡಿದ್ದೆ, ಮನಸ್ಸಿಟ್ಟು ನೋಡಿರಲಿಲ್ಲ. ಅಂದು ಗಾಜಿನ ಬಾಟಲಿಗಳ ದಿನ.

ಇನ್ನೊಂದು ವಿಷಯವೂ ನನಗೆ ಹೊಳೆದಿರಲಿಲ್ಲ. ಅದು ನಮ್ಮೂರಿನ ಸೀರೆ ಅಂಗಡಿಯ ಕವರು. ಮೈಮೇಲೆ ಅಂಗೈಯಗಲದ ಕೆಂಪು ಕನ್ನಡ ಅಕ್ಷರಗಳು. ಇಡೀ ಪಟ್ಟಣದಲ್ಲಿ ಕನ್ನಡ ಅಕ್ಷರವಿದ್ದ ಕವರು ಬೇರೆ ಯಾರ ಮನೆಯಿಂದ ಬಂದೀತು?

ಒಂದು ಗಂಟೆಯೂ ಆಗಿರಲಿಲ್ಲ, ಬಾಗಿಲಲ್ಲಿ ಮಾತು ಕೇಳಿ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದೆ. ಪಕ್ಕದ ಮನೆಯ ಮುದುಕರು. ಆ ವಾರ ಕಸ ನೋಡಿಕೊಳ್ಳುವ ಸರದಿ ಅವರದು. ನನ್ನ ಕವರನ್ನು ಎರಡೂ ಕೈಯಲ್ಲಿ, ಉಡುಗೊರೆ ಕೊಡುವವರ ಹಾಗೆ ಹಿಡಿದಿದ್ದರು. ಅವರೇ ತಪ್ಪು ಮಾಡಿದವರಂತೆ ಬಾಗಿದರು. ಕಿಯೋಕೊ ಸಾನ್ ಅವರಿಗಿಂತ ಕೆಳಗೆ ಬಾಗಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳಿದರು. ನಾನು ಲೆಕ್ಕ ಬಿಡುವಷ್ಟು ಸಲ ಕೇಳಿದರು.

ಆಮೇಲೆ ಅಡುಗೆಮನೆಯ ನೆಲಕ್ಕೆ ಪತ್ರಿಕೆ ಹಾಸಿ, ಗಂಡಹೆಂಡತಿ ಇಬ್ಬರೂ ಕವರಿನ ಗಂಟು ಬಿಚ್ಚಿದರು. ಕಸವನ್ನು ಬೇರ್ಪಡಿಸದೆ ಮತ್ತೆ ಇಡುವಂತಿಲ್ಲವಲ್ಲ. ತೋಫು, ಮೂಲಂಗಿ, ಸಿಹಿಗುಂಬಳ ಒಂದು ಕಡೆ. ನನ್ನ ಗೊಜ್ಜವಲಕ್ಕಿಯ ಬೆಳ್ಳಿಬಣ್ಣದ ಪೊಟ್ಟಣಗಳು ಇನ್ನೊಂದು ಕಡೆ. ಕಿಯೋಕೊ ಸಾನ್ ಪ್ರತಿ ಪೊಟ್ಟಣವನ್ನೂ ನಲ್ಲಿಯಡಿ ತೊಳೆದು ಒರೆಸಿ ಇಟ್ಟರು. ಮಂಗಳವಾರದಿಂದ ಬಡಿಸಿದ್ದೆಲ್ಲ ಅವರ ಕೈಗೆ ಒಂದೊಂದಾಗಿ ವಾಪಸು ಬರುತ್ತಿತ್ತು. ಎಲೆಯಾಕಾರದ ಸಿಪ್ಪೆ ಇದ್ದ ಹೋಳುಗಳು ಒಡೆಯದೆ ಹಾಗೆಯೇ ಇದ್ದವು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗಿಳಿಯುವ ಧೈರ್ಯ ಬರಲಿಲ್ಲ. ನಮ್ಮ ವಾರ್ಡಿನಲ್ಲಿ ಮನೆಮನೆಗೆ ಹೋಗಿ ಹಸಿ ಕಸ, ಒಣ ಕಸ ಎಂದು ಪಾಠ ಹೇಳಿದ ಸಮಿತಿಯಲ್ಲಿ ನಾನೂ ಇದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಆ ದಿನ ನಮ್ಮನ್ನು ಚಿನ್ನದ ರೇಕಿನ ಕಾರ್ಖಾನೆಗೆ ಕರೆದುಕೊಂಡು ಹೋದರು. ಇಡೀ ಪ್ರವಾಸದಲ್ಲಿ ನಾನು ಕಾದಿದ್ದದ್ದು ಅದೊಂದಕ್ಕೇ. ಉಸಿರು ತಾಕಿದರೂ ಹಾರಿಹೋಗುವ ರೇಕನ್ನು ಒಬ್ಬಾಕೆ ಬಿದಿರಿನ ಕಡ್ಡಿಯಿಂದ ಎತ್ತುತ್ತಿದ್ದಳು. ನನ್ನ ಕಣ್ಣು ಅಲ್ಲಿತ್ತು, ಮನಸ್ಸು ಹಾಸಿದ ಪತ್ರಿಕೆಯ ಮೇಲಿತ್ತು.

ಶುಕ್ರವಾರ ಸಂಜೆಯ ತಟ್ಟೆ

ಆರೂವರೆಗೆ ಹೆಜ್ಜೆ ಸದ್ದು ಬಂತು. ಆದರೆ ಬಾಗಿಲು ಸರಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನೇ ಸರಿಸಿ ನೋಡಿದರೆ ತಟ್ಟೆ ಹೊರಗಿತ್ತು. ಅದರಲ್ಲಿ ಬಟ್ಟಲುಗಳಿರಲಿಲ್ಲ. ಸಿಪ್ಪೆ ಸುಲಿಯದ ಎರಡು ಬಾಳೆಹಣ್ಣು. ಇಡೀ ಸೇಬು, ಪಕ್ಕದಲ್ಲಿ ಕಾಗದ ಸುತ್ತಿದ ಚಾಕು. ಕೊಂಬಿನಿ ಎನ್ನುವ ಬೀದಿಯ ಸಣ್ಣ ಅಂಗಡಿಯಿಂದ ತಂದ, ಒಡೆಯದ ಬ್ರೆಡ್ ಪ್ಯಾಕೆಟ್ಟು. ಮುಚ್ಚಳ ತೆಗೆಯದ ಹಾಲಿನ ಡಬ್ಬ. ಯಾವುದಕ್ಕೂ ಅವರ ಅಡುಗೆಯ ಕೈ ತಾಕಿರಲಿಲ್ಲ. ಅದು ನನಗೆ ತಿಳಿಯಲಿ ಎಂದೇ ಹಾಗೆ ಜೋಡಿಸಿದ್ದರು.

ಈ ತಟ್ಟೆಯನ್ನು ನಾನು ಮೊದಲೂ ನೋಡಿದ್ದೇನೆ. ನಮ್ಮೂರಿನ ಕೇರಿಯಲ್ಲಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಚಿತ್ರಕಲೆಯಲ್ಲಿ ಬಹುಮಾನ ಬಂದಾಗ ಅವರ ಮನೆಗೆ ಹೋಗಿದ್ದೆ. ಒಳಗಿನಿಂದ ಪಾಯಸದ ಪರಿಮಳ ಬರುತ್ತಿತ್ತು. ಅವಳ ತಾಯಿ ನನ್ನ ಮುಂದೆ ಎರಡು ಬಾಳೆಹಣ್ಣು, ಮುಚ್ಚಳ ತೆಗೆಯದ ಒಂದು ಜ್ಯೂಸ್ ಬಾಟಲಿ ಇಟ್ಟರು. ಇವತ್ತು ಉಪವಾಸ ಎಂದು ಸುಳ್ಳು ಹೇಳುವ ಕಷ್ಟವನ್ನೂ ಆ ತಾಯಿ ನನಗೆ ಕೊಡಲಿಲ್ಲ. ನಾನು ಹಣ್ಣು ತಿಂದು, ಎಷ್ಟು ತಿಳಿದವರು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ಬಂದಿದ್ದೆ. ನಮ್ಮ ಊರು, ಜಾತಿ, ಏನೊಂದೂ ತಿಳಿಯದ ಕಿಯೋಕೊ ಸಾನ್ ನನ್ನನ್ನು ಐದು ದಿನ ನೋಡಿ ಅದೇ ತಟ್ಟೆಗೆ ಬಂದು ತಲುಪಿದ್ದರು. ನನಗೆ ಹೇಸಿಗೆಯಾಯಿತು, ನನ್ನ ಮೇಲೆ. ರಶ್ಮಿಗೆ ಫೋನ್ ಮಾಡಿದೆ.

"ಅಯ್ಯೋ ಆಂಟಿ," ಎಂದಳು ಎಲ್ಲ ಕೇಳಿ. ಮತ್ತೆ, "ಕಾಲ್ ಮಾಡಿ ಅಂದಿದ್ನಲ್ಲಾ..." ಎಂದು ಅರ್ಧಕ್ಕೆ ನಿಲ್ಲಿಸಿ, "ಸರಿ, ಕೆಳಗ್ ಹೋಗಿ ಸ್ಪೀಕರಿಗೆ ಹಾಕಿ," ಎಂದಳು.

ಕೆಳಗೆ ಇಬ್ಬರೂ ಟಿವಿ ನೋಡುತ್ತಿದ್ದರು. ನಾನು ನೆಲದ ಮೇಲೆ ಕುಳಿತು ಫೋನನ್ನು ಮುಂದಿಟ್ಟೆ. ರಶ್ಮಿ ಜಪಾನಿಯಲ್ಲಿ ಬಹಳ ಹೊತ್ತು, ಬಹಳ ನಯವಾಗಿ ಮಾತಾಡಿದಳು. ಕಿಯೋಕೊ ಸಾನ್ ಏನೂ ಪರವಾಗಿಲ್ಲ ಎನ್ನುವಂತೆ ಕೈಯಾಡಿಸಿದರು. ಇಷ್ಟು ಸುಲಭಕ್ಕೆ ಮುಗಿಯಿತೇ ಎಂದು ನನಗೆ ಅನುಮಾನ ಬಂತು.

"ಏನಂದೆ ಅವ್ರಿಗೆ?"

"ನಿಮ್ಗೆ ಹೊಟ್ಟೆ ಅಪ್‌ಸೆಟ್ ಆಗಿತ್ತು, ಹೇಳಕ್ಕೆ ಸಂಕೋಚ ಆಯ್ತು ಅಂದೆ. ಇಲ್ಲಿ ಹಂಗೇ ಆಂಟಿ. ಅವ್ರಿಗೂ ಈಸಿ ಆಗತ್ತೆ."

"ಬೇಡ. ನಿಮ್ಮ ಮಾತು ನಂಬ್ಲಿಲ್ಲ ಅಂತ ಹೇಳು. ದೇವ್ರ ಪೂಜೆ ಅಂದಿದ್ದೂ ಸುಳ್ಳು ಅಂತ ಹೇಳು."

"ಆಂಟಿ, ಜಪಾನೀಸಲ್ಲಿ ಅಷ್ಟು ಡೈರೆಕ್ಟಾಗಿ ಹೇಳಿದ್ರೆ ತುಂಬಾ ಹಾರ್ಷ್ ಅನ್ಸತ್ತೆ..."

"ಹೇಳೇ, ಪರವಾಗಿಲ್ಲ."

ಹೇಳಿದಳು. ತೆತ್ಸುವೊ ಸಾನ್ ಟಿವಿ ಆರಿಸಿದರು. ಕಿಯೋಕೊ ಸಾನ್ ಮಂಡಿಯ ಮೇಲಿದ್ದ ತಮ್ಮ ಕೈಗಳನ್ನೇ ನೋಡುತ್ತ ನಿಧಾನವಾಗಿ ಮಾತಾಡತೊಡಗಿದರು. ರಶ್ಮಿ ತುಂಡುತುಂಡಾಗಿ ಕನ್ನಡಕ್ಕೆ ಇಳಿಸಿದಳು.

ಬರುವ ಅತಿಥಿ ಮೀನು ತಿನ್ನುವುದಿಲ್ಲ ಎಂದು ತಿಳಿದ ದಿನ ಅವರು ಹತ್ತಿರದ ಬೌದ್ಧ ದೇವಸ್ಥಾನದ ಅರ್ಚಕರ ಹೆಂಡತಿಯ ಬಳಿ ಹೋಗಿದ್ದರಂತೆ. ಮೂರು ತಿಂಗಳು, ವಾರಕ್ಕೊಮ್ಮೆ, ಸನ್ಯಾಸಿಗಳ ಅಡುಗೆ ಕಲಿತರಂತೆ. ಹಳೆಯ ಪಾತ್ರೆಗಳಲ್ಲಿ ಮೀನಿನ ಜಿಡ್ಡಿರುತ್ತದೆಂದು ಹೊಸ ಪಾತ್ರೆ ತಂದರಂತೆ. ನಾನು ಬರುವ ಹತ್ತು ದಿನ ಮುಂಚಿನಿಂದ ಆ ಮನೆಯೊಳಗೆ ಮೀನೇ ಬಂದಿಲ್ಲ. ಮೀನಿಲ್ಲದೆ ಇರಲಾರದ ತೆತ್ಸುವೊ ಸಾನ್ ಗೆಳೆಯನ ಮನೆಗೆ ಹೋಗಿ ಬಂಗುಡೆ ತಿಂದು, ಬಾಯಿ ತೊಳೆದುಕೊಂಡು ಬರುತ್ತಿದ್ದರು.

"ಮತ್ತೆ ಆ ಸಮುದ್ರದ ವಾಸನೆ?" ಎಂದೆ.

"ಆಂಟಿ, ಅದು ಕೊಂಬು. ಸಮುದ್ರದಲ್ಲಿ ಬೆಳೆಯೋ ಸೊಪ್ಪು. ನೀವ್ ಚೆಲ್ಲಿದ್ದು ಸೊಪ್ಪಿನ ಸಾರು ಆಂಟಿ."

ಕಿಯೋಕೊ ಸಾನ್ ಮತ್ತೇನೋ ಹೇಳಿದರು. ಐರ್ಲೆಂಡಿನಿಂದ ಬಂದಿದ್ದ ನೋರಾ ಸಾನ್ ಇದೇ ಮೇಜಿನ ಮುಂದೆ ಕುಳಿತಿದ್ದಳಂತೆ. ಹುದುಗಿಸಿದ ಸೋಯಾ ಕಾಳನ್ನು ಬಾಯಿಗಿಟ್ಟು, ಮುಖ ಕಿವುಚಿ, ಇದು ನನ್ನ ಕೈಲಾಗದು ಎಂದು ಬಟ್ಟಲನ್ನು ದೂರ ತಳ್ಳಿದಳಂತೆ. ಎಲ್ಲರೂ ನಕ್ಕರಂತೆ. ಮರುದಿನ ಆಲೂಗಡ್ಡೆ ಬೇಯಿಸಿದೆ, ತಿಂದಳು ಎಂದರು. ಮುಂದಿನದನ್ನು ರಶ್ಮಿ ಹೇಳಲೋ ಬೇಡವೋ ಎಂದು ತಡೆದು ಹೇಳಿದಳು: "ನೋರಾ ಸಾನ್ ನಂಗೆ ಹೇಳಿದ್ಲು. ಹೇಳಿದ್ರೆ ನಂಗೆ ಏನ್ ಮಾಡ್ಬೇಕು ಅಂತ ಗೊತ್ತಾಗತ್ತೆ. ಖಾಲಿ ಬಟ್ಲು ನೋಡಿ ನಾನು ಓಣಿಯೋರಿಗೆಲ್ಲ ಹೇಳ್ಕೊಂಡು ಬಂದೆ ಅಂತಿದಾರೆ ಆಂಟಿ. ಪಕ್ಕದ ಮನೆಯೋರಿಗೂ ಹೇಳಿದ್ರಂತೆ."

ಪಕ್ಕದ ಮನೆಯವರು ಎಂದರೆ ಕವರನ್ನು ಎರಡು ಕೈಯಲ್ಲಿ ಹಿಡಿದು ತಂದವರು. ನಾನು ಅಳುತ್ತಿದ್ದೆ. ಈಗಲೇ ಒಂದು ಬಟ್ಟಲು ಕೊಡಿ, ನಿಮ್ಮ ಮುಂದೆಯೇ ತಿನ್ನುತ್ತೇನೆ ಎಂದು ಅವರನ್ನು ಕೇಳು ಎಂದೆ ರಶ್ಮಿಗೆ.

ಕಿಯೋಕೊ ಸಾನ್ ನಕ್ಕರು. ಅದು ಖಾಲಿ ಬಟ್ಟಲು ನೋಡಿದಾಗಿನ ನಗುವಲ್ಲ.

"ಏನೂ ಮಾಡಿಲ್ವಂತೆ ಇವತ್ತು. ನೀವು ಕಷ್ಟಪಡ್ಬೇಡಿ, ಬಾಳೆಹಣ್ಣು ತಿನ್ನಿ ಅಂತಿದಾರೆ. ಮತ್ತೆ ಒಂದು ರಿಕ್ವೆಸ್ಟ್ ಇದೆಯಂತೆ. ನಾಳೆ ಫಂಕ್ಷನಲ್ಲಿ, ಎಲ್ಲರ ಮುಂದೆ, ಊಟ ಚೆನ್ನಾಗಿತ್ತು ಅಂತ ಒಂದ್ ಮಾತು ಹೇಳ್ಬೇಕಂತೆ."

ಶನಿವಾರ, ಬೀಳ್ಕೊಡುಗೆ

ಊರಿನ ಸಭಾಂಗಣದಲ್ಲಿ ಎರಡು ದೇಶದ ಬಾವುಟ. ಪ್ರತಿ ಆತಿಥೇಯರೂ ತಮ್ಮ ಕೈಯಡುಗೆಯ ಒಂದು ಪದಾರ್ಥ ತಂದು ಮೇಜಿನ ಮೇಲೆ ಹೆಸರಿನ ಚೀಟಿಯೊಂದಿಗೆ ಇಡಬೇಕು. ಅನ್ನದ ಉಂಡೆಗಳು, ಹುರಿದ ಬದನೆಕಾಯಿ, ಬಟಾಣಿ ಪಲ್ಯ. ಕಿಯೋಕೊ ಸಾನ್ ಹೆಸರಿದ್ದ ಚೀಟಿಯ ಹಿಂದೆ ಅಂಗಡಿಯಿಂದ ತಂದ ಒಂದು ಡಬ್ಬ ಬಿಸ್ಕತ್ತು ಇತ್ತು, ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ.

ನನ್ನ ಸರದಿ ಬಂದಾಗ ಎದ್ದು ನಿಂತೆ. ರಶ್ಮಿ ಫೋನಿನಲ್ಲಿ ಹೇಳಿಕೊಟ್ಟು ಬಾಯಿಪಾಠ ಮಾಡಿಸಿದ್ದ ಸಾಲನ್ನು ಮೈಕಿನಲ್ಲಿ ಹೇಳಿದೆ. ಕಿಯೋಕೊ ಸಾನ್ ಮಾಡಿದ ಊಟ ಪ್ರತಿ ರಾತ್ರಿಯೂ ರುಚಿಯಾಗಿತ್ತು. ಮೊದಲು ಚಪ್ಪಾಳೆ ತಟ್ಟಿದವರು ಪಕ್ಕದ ಮನೆಯ ಮುದುಕರು. ಅವರು ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದರು. ಕಿಯೋಕೊ ಸಾನ್ ಎದ್ದು ಮೂರು ದಿಕ್ಕಿಗೂ ಬಾಗಿ ಕುಳಿತರು.

ಪ್ರವಾಸ ಹೋಗಿ ಬಂದವರು ಅಲ್ಲಿಯ ಊಟದ ಬಗ್ಗೆ ಬರೆಯಬೇಕು, ಓದುವವರು ಕಾಯುವುದೂ ಅದಕ್ಕೇ. ನಮ್ಮೂರಿನಲ್ಲಿ ಕೇಳಿದವರಿಗೆಲ್ಲ ಹೇಳಿದ್ದೇನೆ: ಹೋಳು ಎರಡು ಬೆರಳಗಲ, ಬಣ್ಣ ಅರಿಸಿನಕ್ಕಿಂತ ಒಂದು ಪಟ್ಟು ಗಾಢ, ಅಂಚು ನುಣುಪು, ಸಿಪ್ಪೆಯ ಹಸಿರು ಬೆಂದರೂ ಮಾಸಿರಲಿಲ್ಲ. ಇಷ್ಟು ನಿಜ. ರುಚಿ ಹೇಗಿತ್ತು ಎಂದು ಮಾತ್ರ ಕೇಳಬೇಡಿ, ನನಗೆ ಗೊತ್ತಿಲ್ಲ.